ಸುರಗಿ ದಂಡೆ

ಸಿದ್ದಾಪುರದ ಪೇಟೆಯಲ್ಲಿ ಒಣ ಸುರಗಿ ಹೂವಿನ ಘಮ ಬಂದರೆ ಈಗಲೂ ನನ್ನ ಕೈ ಜಡೆಗೆ ಹೋಗುತ್ತದೆ.

ದೂರದ ಹೈಸ್ಕೂಲಿಗೆ ಹೋಗುವಾಗ ಹಳ್ಳ ದಾಟುವ ಮರದ ಸಂಕ ಮುರಿದು ನೀರಿನ ಪಾಲಾಗಿದ್ದಳು, ನನ್ನ ಗೆಳತಿ ಸಾವಿತ್ರಿ. ಅವಳಪ್ಪ ಕೊಟ್ಟ ಜಾಗದಲ್ಲಿ ನಮ್ಮೂರಿಗೇ ಹೈಸ್ಕೂಲು ಬಂತು, ಅವಳ ಹೆಸರಿನಲ್ಲಿ. ಆರಂಭದ ದಿನ ಮಧ್ಯಾಹ್ನ ಹೆಡ್‌ಮಾಸ್ತರರು ಅವಳ ಫೋಟೋಕ್ಕೆ ಹಾಕಲೆಂದು ಗಂಧದ ಹಾರವನ್ನು ಅವಳ ತಾಯಿಯ ಕೈಗೆ ಕೊಟ್ಟರು.

"ಹಾರ ಬ್ಯಾಡ ಮಾಸ್ತರೆ," ಎಂದರು ಆಕೆ. "ಕೂಸು ಶಾಲಿಗೆ ಹೋಪಾಗ ದಂಡೆ ಮುಡ್ಕತಿತ್ತು."

ಸೆರಗಿನ ಗಂಟಿನಿಂದ ಸುರಗಿ ದಂಡೆ ತೆಗೆದು ಫೋಟೋದಲ್ಲಿದ್ದ ಜಡೆಯ ಮೇಲಿಟ್ಟರು. ಗಾಜಿನ ಮೇಲೆ ಅದು ನಿಲ್ಲಲಿಲ್ಲ. ಮತ್ತೆ ಇಟ್ಟರು, ಮತ್ತೆ ಜಾರಿತು.

ಆಮೇಲೆ ನನ್ನತ್ತ ನೋಡಿ, "ಬಾ ತಂಗಿ, ತಿರುಗಿ ನಿಂತ್ಕ," ಎಂದು ನನಗೆ ಮುಡಿಸಿದರು.

ಹೊಸ ಶಾಲೆಯ ಮೊದಲ ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಹೋದರು. ಆ ಕೈ ಮಾತ್ರ ನನ್ನ ಜಡೆ ಬಿಡಲಿಲ್ಲ.