ಡ್ರೈವರ್ ತಂದ ಕೋಟು

ಬಸ್ ಡ್ರೈವರ್ ಆ ಚೀಲವನ್ನು ತೊಡೆಯಿಂದ ಕೆಳಗಿಡಲೇ ಇಲ್ಲ. ಅದರ ಬಾಯಿಂದ ಕೋಟಿನ ತೋಳು ಇಣುಕುತ್ತಿತ್ತು. ಅದೇ ಸಾಲಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಸೊಸೆ ಕತ್ತು ಚಾಚಿ ಅದನ್ನೇ ನೋಡಿದಳು.

ಸಭೆ ಅವಳ ಅತ್ತೆಯ ನೆನಪಿಗಾಗಿ. ಬೀದಿಯವರಿಗೆಲ್ಲ ಅವರು ಸೂಜಿ ಅಜ್ಜಿ. ಯಾರ ಬಟ್ಟೆ ಹರಿದರೂ ಹೊಲಿದು ಕೊಡುತ್ತಿದ್ದರು, ಪುಕ್ಕಟೆಯಾಗಿ. ಮೈಕ್ ಹಿಡಿದವರೆಲ್ಲ ಅದನ್ನೇ ಹೇಳಿದರು. ಆ ವಯಸ್ಸಿನಲ್ಲೂ ಎಂಥ ಕಣ್ಣು, ಎಂಥ ಕೈ! ಕೊನೆಯವರೆಗೂ ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲವಂತೆ. ಕ್ಷೌರಿಕ ಎಲ್ಲರನ್ನೂ ನಗಿಸಿದ. ಅವನು ಯಾರದಾದರೂ ಮೀಸೆ ಒಂದು ಕಡೆ ಗಿಡ್ಡ ಮಾಡಿದರೆ ಅಜ್ಜಿ ಬೀದಿಯಾಚೆಯ ಕಿಟಕಿಯಿಂದಲೇ ಬೈಯುತ್ತಿದ್ದರಂತೆ.

ಸೊಸೆ ನಗಲಿಲ್ಲ. ಹೋದವರ ಬಗ್ಗೆ ಜನ ಉಪ್ಪುಖಾರ ಹಚ್ಚುವುದು ಇದ್ದದ್ದೇ. ನಿಜ ತನಗೊಬ್ಬಳಿಗೇ ಗೊತ್ತು.

ಗಂಡ ತೀರಿಕೊಂಡ ಮೇಲೆ ಅವಳು ಗಾರ್ಮೆಂಟ್ಸ್ ಕೆಲಸ ಬಿಟ್ಟು ಮೂಲೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಅತ್ತೆ ಹೊಲಿದಿಟ್ಟ ಅಂಗಿ ಕಣ್ಣಿಗೆ ಬಿತ್ತು. ತೋಳಿನ ಬಾಯನ್ನೇ ಹೊಲಿದು ಮುಚ್ಚಿದ್ದರು. ಅತ್ತೆಯ ಕಣ್ಣು ಮಂಜಾಗಿದೆ ಎಂದು ಅವಳಿಗೆ ಗೊತ್ತಾದದ್ದು ಆಗ. ಬಾಯಿಬಿಟ್ಟು ಹೇಳಿದರೆ ಆ ಜೀವ ಕುಸಿದುಹೋಗುತ್ತದೆ. ಅತ್ತೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಅವಳು ದಾರ ಎಳೆದಳು. ಕೊನೆಗೆ ಗಂಟು ಹಾಕಿರಲೇ ಇಲ್ಲ. ಒಂದೇ ಎಳೆತಕ್ಕೆ ಎಲ್ಲ ಬಿಚ್ಚಿಬಂತು. ಸರಿಯಾಗಿ ಹೊಲಿದು, ಇದ್ದಲ್ಲೇ ಇಟ್ಟಳು.

ಮರುದಿನ ಇನ್ನೊಂದು ಅಂಗಿ. ಆಮೇಲೆ ಅದೇ ಅವಳ ದಿನಚರಿಯಾಯಿತು. ಬರೀ ಗುಂಡಿ ಹಚ್ಚುವುದಿದ್ದರೂ ಅತ್ತೆ ಬಂದವರಿಗೆ ನಾಳೆ ಬಾ ಎನ್ನುತ್ತಿದ್ದುದು ಒಳ್ಳೆಯದೇ ಆಯಿತು. ಯಾರಿಗೂ ಸುಳಿವು ಸಿಗಲಿಲ್ಲ.

ಆದರೆ ಈ ಕೋಟು ಅವಳ ಕೈಗೆ ಸಿಕ್ಕಿರಲಿಲ್ಲ. ಕೈ ಮತ್ತೆ ಓಡತೊಡಗಿದ ಧೈರ್ಯಕ್ಕೆ ಅವಳು ಗಾರ್ಮೆಂಟ್ಸಿಗೆ ಮರಳಿದ ವಾರ ಅದು. ಅವಳು ಕೆಲಸದಲ್ಲಿದ್ದಾಗಲೇ ಡ್ರೈವರ್ ಬಂದು ಒಯ್ದಿದ್ದ. ಅದೇ ವಾರ ಅತ್ತೆ ಹೋಗಿಬಿಟ್ಟರು.

ಈಗ ಅದು ಹೊರಗೆ ಬಂದರೆ ಅವರ ಹೆಸರು ಮಣ್ಣುಪಾಲು.

ಅವಳು ಎದ್ದು ಹೋಗಿ ಡ್ರೈವರ್ ಪಕ್ಕ ಕುಳಿತಳು.

"ಅಣ್ಣ, ಆ ಕೋಟು ಕೊಡಿ. ಇಸ್ತ್ರಿ ಮಾಡಿ ತರ್ತೀನಿ."

"ಈಗ್ಲಾ? ಬೇಡಮ್ಮ. ಅಜ್ಜಿ ಕೊಟ್ಟ ಹಾಗೇ ಇರ್ಲಿ. ಎಲ್ರೂ ನೋಡ್ಬೇಕು."

"ದಮ್ಮಯ್ಯ ಅಂತೀನಿ. ಅವರ ಮರ್ಯಾದೆ ಪ್ರಶ್ನೆ."

ಅವನು ಅವಳನ್ನೇ ನೋಡಿದ. "ಅದಕ್ಕೇ ತಂದಿದ್ದು."

ಸಭೆ ನಡೆಸುತ್ತಿದ್ದ ಮೇಷ್ಟ್ರು ಡ್ರೈವರನ್ನು ಕರೆದರು. ಅವಳು ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಅವಳ ಬೆರಳುಗಳನ್ನು ಮೆಲ್ಲಗೆ ಸರಿಸಿ ಎದ್ದುಹೋದ. ಕೋಟನ್ನು ಮೇಜಿನ ಮೇಲೆ ಹರಡಿದ. ಅವಳು ಕಣ್ಣು ಮುಚ್ಚಿಕೊಂಡಳು.

ಯಾರೂ ನಗಲಿಲ್ಲ. ಹತ್ತಿರ ಬಂದು ನೋಡು ಎಂದು ಮೇಷ್ಟ್ರು ಅವಳನ್ನು ಕರೆದರು. ಕಾಲು ಎಳೆದುಕೊಂಡು ಹೋದಳು.

ತೋಳಿನ ಹರಿದ ಜಾಗದುದ್ದಕ್ಕೂ ಪುಟ್ಟ ಪುಟ್ಟ ಹೊಲಿಗೆ, ಗೆರೆ ಎಳೆದ ಹಾಗೆ. ಅಷ್ಟು ನಯ ಅವಳ ಕೈಗೂ ಬಂದಿರಲಿಲ್ಲ.

"ಇದನ್ನ ಯಾರು ಹೊಲಿದದ್ದು?"

"ಅಜ್ಜಿನೇ. ಅವರ ಕಣ್ಣಿಗೆ ಏನೂ ಆಗಿರ್ಲಿಲ್ಲ," ಎಂದ ಡ್ರೈವರ್. ಮುಂದಿನದನ್ನು ಹೇಳಲು ಅವನು ಮೈಕ್ ಪಕ್ಕಕ್ಕಿಟ್ಟ. "ನೀನು ಮತ್ತೆ ಸೂಜಿ ಹಿಡೀಬೇಕಂತ, ಹರಿದ ಬಟ್ಟೆ ಇಲ್ದಿದ್ರೆ ಹರಿದಾದ್ರೂ ತಂದುಕೊಡಿ ಅಂತ ನಮ್ಮನ್ನೆಲ್ಲ ಮನೆಮನೆಗೆ ಬಂದು ಕೇಳ್ಕೊಂಡಿದ್ರು ಕಣಮ್ಮ."