ಬೀ ಬಾಮ್ ತಂಬುಳಿ

ಇವತ್ತು ಕಳೆ ಕೀಳುವಾಗ ಬೀ ಬಾಮ್ ಎಲೆಯೊಂದು ಬೆರಳ ನಡುವೆ ನುರಿದು, ಆ ಘಾಟಿಗೆ ಅಜ್ಜಿ ನೆನಪಾದರು.

ಆಗ ನಾವು ಪರದೇಶದಲ್ಲಿ, ಬ್ಲಾಂಚರ್ಡ್ಸ್‌ಟೌನ್‌ನ ಬಾಡಿಗೆ ಮನೆಯಲ್ಲಿದ್ದೆವು. ಅಮೆರಿಕದ ಹುಲ್ಲುಗಾವಲಿನ ಈ ಕಾಡುಹೂವನ್ನು ಅಮ್ಮ ದುಂಬಿಗಳಿಗೆಂದೇ ಬೀಜ ಹಾಕಿ ಬೆಳೆಸಿದ್ದಳು. ಮೈಸೂರಿನಿಂದ ಬಂದಿದ್ದ ಅಜ್ಜಿ ಒಂದು ಮಧ್ಯಾಹ್ನ ಅದರ ಒರಟು ಎಲೆಯನ್ನು ಹಿಸುಕಿ ಮೂಸಿದರು. "ಅಯ್ಯೋ, ನಮ್ಮ ದೊಡ್ಡಪತ್ರೆ ವಾಸನೇನೇ!" ಎಂದು ನನ್ನ ಮೂಗಿಗೂ ಹಿಡಿದರು.

ಅಮ್ಮ ಆಫೀಸಿನಿಂದ ಬರುವಷ್ಟರಲ್ಲಿ ಕುಡಿಗಳೆಲ್ಲ ಮೊಗ್ಗಿನ ಸಮೇತ ತಂಬುಳಿಯಾಗಿದ್ದವು.

"ಅಮ್ಮಾ, ಅದು ದುಂಬಿಗೆ ಬೆಳೆಸಿದ್ದು!"

"ಮುಂದಿನ ವರ್ಷ ಒಂದೆಲೇನೂ ಮುಟ್ಟಲ್ಲ ಬಿಡೇ," ಎಂದರು ಅಜ್ಜಿ. ಅಮ್ಮ ಮುಖ ಊದಿಸಿಕೊಂಡೇ ಎರಡು ಸಲ ಬಡಿಸಿಕೊಂಡಳು.

ಮರುವರ್ಷದ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು. ಗಿಡದ ತುಂಬ ನೇರಳೆ ಹೂ, ಹೂವಿನ ತುಂಬ ದುಂಬಿ. ಅಮ್ಮ ಒಂದೆಲೆ ಚಿವುಟಿ ಮೂಗಿಗೆ ಹಿಡಿದಳು.

"ಮುಟ್ಟಬೇಡ ಅಂತ ನಾನೆಲ್ಲಿ ಅಂದೆ, ಅಮ್ಮಾ?"