ಬೂದಿಯ ಗೆರೆ

ಕೆರೆಯ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರನ್ನು ಸಂಶೋಧಕಿ ದಡದ ಮೇಲೆ ಉದ್ದಕ್ಕೆ ಸೀಳಿಟ್ಟಳು. ತೂಬು ಕಾಯುವ ಮುದಿ ನೀರಗಂಟಿ ಬಗ್ಗಿ ನೋಡಿದ.

“ಈ ಕಪ್ಪು ಗೆರೆಗಳೆಲ್ಲ ಒಲೆ ಬೂದಿ, ತಾತ. ಹೆಂಗಸರು ಇಲ್ಲೇ ಪಾತ್ರೆ ತಿಕ್ತಿದ್ರಲ್ಲ, ಅದು. ಕೆಸರು ವರ್ಷ ವರ್ಷ ಒಂದರ ಮೇಲೊಂದು ಕೂತ್ಕೊಳ್ಳುತ್ತೆ; ಮೇಲಿನ ಒಂದು ಗೇಣು ಈಚಿನ ವರ್ಷಗಳದ್ದು, ಅದರಲ್ಲಿ ಮಾತ್ರ ಬೂದಿನೇ ಇಲ್ಲ. ಊರಲ್ಲಿ ಆಮೇಲೆ ಯಾರೂ ಇರಲಿಲ್ಲ.”

“ಎಲ್ಲಾ ಹೆದ್ದಾರಿ ಪಕ್ಕಕ್ಕೆ ಹೋದ್ರು ಕಣಮ್ಮ. ನಾನಿಲ್ವಾ? ದಿನಾ ಒಲೆ ಹಚ್ತೀನಿ.”

“ಒಬ್ಬರ ಬೂದಿ ಇದರಲ್ಲಿ ಕಾಣಲ್ಲ, ತಾತ.”

ಅವಳ ಜೀಪು ಕೆರೆಯ ಏರಿಯನ್ನು ದಾಟುವವರೆಗೂ ಅವನು ತೂಬಿನ ಕಲ್ಲಿನ ಮೇಲೆ ಕೂತಿದ್ದ. ಆಮೇಲೆ ಮನೆಗೆ ಹೋಗಿ, ಒಲೆಯ ಬೂದಿಯನ್ನೆಲ್ಲ ಬುಟ್ಟಿಗೆ ಬಳಿದು ತಲೆ ಮೇಲೆ ಹೊತ್ತು ತಂದ. ಎದೆಮಟ್ಟದ ನೀರಿಗಿಳಿದು, ಅವಳು ಕೊಳವೆ ಇಳಿಸಿದ್ದ ಜಾಗದಲ್ಲೇ ಸುರಿದ.